ತಿರುಗಿಸುವ ಜಾಗ

16 ನವೆಂಬರ್ 2025, ಭಾನುವಾರ
ಮೂಡಿಗೆರೆ

ನಿನ್ನೆ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಮನೆ ಬಿಟ್ಟವನು ಹಾಸನ, ಬೇಲೂರಿನ ಮೇಲೆ ಇಲ್ಲಿನ ಅಕ್ಕನ ಮನೆ ಸೇರುವಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಸುಮಾರು 250 ಕಿಲೋಮೀಟರಿನ ಇದೇ ದಾರಿಯನ್ನು ಹಳೆಯ ಬೈಕಿನಲ್ಲಿ, ತಿಂಡಿಗೆ ನಿಂತ ಹೊತ್ತೂ ಸೇರಿ, ಐದೂವರೆ ಗಂಟೆಯಲ್ಲಿ ಮುಗಿಸುತ್ತಿದ್ದೆ. ಅಂಗಳದಲ್ಲಿದ್ದ ಭಾವ ಬೈಕಿಗೆ ಒಂದು ಪ್ರದಕ್ಷಿಣೆ ಹಾಕಿ, "ಏನೋ ಇದು, ಯಾವ್ದೋ ತೋಟದ ರೈಟರ್ ಗಾಡಿ ಎತ್ಕೊಂಡ್ ಬಂದಿದೀಯ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಕಾಫಿ ತೋಟದ ಕೆಲಸ, ಕೂಲಿ ಲೆಕ್ಕ ನೋಡಿಕೊಳ್ಳುವ ಈ ಸೀಮೆಯ ರೈಟರುಗಳು ದಿನವಿಡೀ ಓಡಾಡುವುದು ಹಗುರವಾದ ಗಾಡಿಗಳಲ್ಲೇ, ಮತ್ತು ಅದು ಬರೀ ದುಡ್ಡಿನ ಮಾತಲ್ಲ ಎಂಬುದು ನನಗೆ ಆರು ವರ್ಷ ತಡವಾಗಿ ತಿಳಿಯಿತು.

ಆ ಆರು ವರ್ಷ ನನ್ನ ಬಳಿ ಇದ್ದದ್ದು 2019ರಲ್ಲಿ ಕೊಂಡ ಸುಜುಕಿ ವಿ-ಸ್ಟ್ರಾಮ್ 650 ಎಕ್ಸ್‌ಟಿ. ಎರಡು ಸಿಲಿಂಡರು, 645 ಸಿಸಿ, ಸುಮಾರು 70 ಅಶ್ವಶಕ್ತಿ, ಒಮ್ಮೆಯೂ ನನ್ನನ್ನು ದಾರಿಯಲ್ಲಿ ಕೈಬಿಡದ ಗಾಡಿ. ಕಳೆದ ತಿಂಗಳು ಅದನ್ನು ಮಾರಿ ಹೀರೋ ಎಕ್ಸ್‌ಪಲ್ಸ್ 200 4ವಿ ಎಂಬ ಹಗುರ ಬೈಕು ತಂದೆ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅದಕ್ಕಿಂತ ದೊಡ್ಡವುಗಳದು ಶೇ 40ಕ್ಕೆ ಏರಿತಲ್ಲ, ಆ ಲೆಕ್ಕ ನೋಡಿಯೇ ಮಾರಿದೆನೆಂದು ಗೆಳೆಯರು ತಿಳಿದಿದ್ದಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ, ಏಕೆಂದರೆ ನಿಜವಾದ ಕಾರಣವನ್ನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಒಪ್ಪಿಸುವುದು ಕಷ್ಟ.

ಕೆಲವರು ಬಿದ್ದಿದ್ದೇ ಕಾರಣವೆನ್ನುತ್ತಾರೆ. ಬಿದ್ದಿದ್ದು ನಿಜ. 2023ರ ಡಿಸೆಂಬರಿನಲ್ಲಿ ಕೊಟ್ಟಿಗೆಹಾರದಾಚೆ ಒಂದು ತೋಟದ ಮಣ್ಣುರಸ್ತೆಯಲ್ಲಿ ಫೋಟೋ ತೆಗೆಯಲೆಂದು ನಿಲ್ಲಿಸಿ ಎಡಗಾಲನ್ನು ಕೆಳಗಿಟ್ಟರೆ, ಆ ಕಡೆ ನೆಲ ನಾನೆಣಿಸಿದ್ದಕ್ಕಿಂತ ನಾಲ್ಕು ಬೆರಳು ತಗ್ಗಿನಲ್ಲಿತ್ತು. 216 ಕಿಲೋ ತೂಕವನ್ನು ನೆಟ್ಟಗಿರುವಾಗ ಎರಡು ಬೆರಳಿನಲ್ಲಿ ಆನಿಸಿ ಹಿಡಿಯಬಹುದು. ಒಂದು ಹದ ಮೀರಿ ವಾಲಿತೆಂದರೆ ಅದನ್ನು ಮೆಲ್ಲನೆ ಮಲಗಿಸುವುದಷ್ಟೇ ನಮ್ಮ ಕೈಯಲ್ಲಿರುತ್ತದೆ. ಎತ್ತುವ ಕ್ರಮ ನನಗೆ ಗೊತ್ತಿತ್ತು: ಗೇರಿನಲ್ಲಿ ಇಟ್ಟು, ಬೈಕಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂದಿನ ಹಿಡಿಯನ್ನೂ ಹಿಡಿದು, ತೊಡೆಯ ಬಲದಿಂದ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಏಳಬೇಕು. ಒದ್ದೆ ತರಗೆಲೆಯ ಮೇಲೆ ಬೂಟು ಎರಡು ಸಲ ಜಾರಿತು. ಕೊನೆಗೆ ಕಾಫಿ ಕೊಯ್ಯುತ್ತಿದ್ದ ಮೂವರು ಚೀಲ ಇಳಿಸಿ ಬಂದು ಎತ್ತಿಕೊಟ್ಟರು. ಅವಮಾನವಾಯಿತು, ಅರ್ಧ ದಿನದಲ್ಲಿ ಮರೆತೂ ಹೋಯಿತು.

ಮರೆಯಲಾಗದೆ ಉಳಿದದ್ದು ಬೇರೆ. ಹೊಸ ದಾರಿಯೊಂದು ಕಂಡಾಗಲೆಲ್ಲ ನನ್ನ ತಲೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ ಅದು ಎಲ್ಲಿಗೆ ಹೋಗುತ್ತದೆ ಎಂಬುದಲ್ಲ, ಮುಂದೆ ತಿರುಗಿಸಲು ಜಾಗ ಇದೆಯೇ ಎಂಬುದು. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತ ದೊಡ್ಡ ಬೈಕನ್ನು ಸವಾರನೊಬ್ಬನೇ ಹಿಂದಕ್ಕೆ ಏರಿಗೆ ತಳ್ಳಲಾರ. ಅದಕ್ಕೆ ರಿವರ್ಸ್ ಗೇರೂ ಇಲ್ಲ. ಆದ್ದರಿಂದ ಜಾವಳಿಯ ಬಳಿ ಒಂದು ಕವಲು, ಸಂಸೆಯ ಹತ್ತಿರ ಇನ್ನೊಂದು, ಸಕಲೇಶಪುರದ ಕಡೆ ಮೂರ್ನಾಲ್ಕು, ಹೀಗೆ ನಾನು ಬಾಯಲ್ಲಿ ನಿಂತು ಇಣುಕಿ ನೋಡಿ ಬಿಟ್ಟುಬಂದ ರಸ್ತೆಗಳದೇ ಒಂದು ದೊಡ್ಡ ಪಟ್ಟಿಯಾಯಿತು. 'ಅಡ್ವೆಂಚರ್' ಎಂಬ ಹೆಸರಿನಲ್ಲಿ ಕೊಂಡ ಬೈಕು ನನ್ನನ್ನು ಡಾಂಬರು ಬಿಟ್ಟು ಇಳಿಯದ ಮನುಷ್ಯನನ್ನಾಗಿ ಮಾಡಿತ್ತು.

ಡಾಂಬರಿನ ಮೇಲಾದರೂ ಆ ಶಕ್ತಿ ಎಷ್ಟು ಬಳಕೆಗೆ ಬರುತ್ತಿತ್ತು? ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ ಮೇಲೆ, 70 ಅಶ್ವಶಕ್ತಿಯವನೂ ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೂ ಅದೇ ಸರ್ವಿಸ್ ರಸ್ತೆಯಲ್ಲಿ ಅದೇ ರಸ್ತೆಯುಬ್ಬಿಗೆ ಬ್ರೇಕ್ ಒತ್ತುತ್ತೇವೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿಯ ದೀರ್ಘ ಓಟವಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದಾಗ ಓಡಿಸಿದ್ದೂ 450 ಸಿಸಿ ಬೈಕನ್ನೇ. 2011ರಿಂದ ಅಲ್ಲಿ ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಅವಕಾಶವಿಲ್ಲ. ಅದು ವೇಗಕ್ಕೆ ಕಡಿವಾಣ ಹಾಕಲು ತಂದ ನಿಯಮ, ನನ್ನ ವಾದಕ್ಕೆ ಪೂರ್ತಿ ಒದಗುವುದಿಲ್ಲ, ಆದರೂ ಮನೆಯಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅಚ್ಚರಿ ತಂದದ್ದು ಅಂಕಿಗಳು. ಸೀಟಿನ ಎತ್ತರ ಹಳೆಯದರದ್ದು 835 ಮಿಲಿಮೀಟರ್, ಹೊಸದರದ್ದು 825. ಅಂದರೆ ಕಾಲಿಗೆ ಸಿಕ್ಕ ಲಾಭ ಒಂದು ಸೆಂಟಿಮೀಟರ್ ಮಾತ್ರ. ನೆಲದಿಂದ ಹೊಟ್ಟೆಗೆ ಇರುವ ಅಂತರ ದೊಡ್ಡದಕ್ಕೆ 170 ಮಿಲಿಮೀಟರ್ ಇದ್ದರೆ ಚಿಕ್ಕದಕ್ಕೆ 220. ಹೊಸದರ ತೂಕ ಮಾತ್ರ ಸುಮಾರು 158 ಕಿಲೋ, ಎಂದರೆ ಒಬ್ಬ ಸಣಕಲು ಆಳನ್ನು ಕೆಳಗಿಳಿಸಿದಂತೆ. ಟ್ಯಾಂಕು ಇಪ್ಪತ್ತು ಲೀಟರಿನಿಂದ ಹದಿಮೂರಕ್ಕೆ ಇಳಿದರೂ, ಅದು ಲೀಟರಿಗೆ 22–23 ಕಿಲೋಮೀಟರ್ ಕೊಡುತ್ತಿದ್ದಲ್ಲಿ ಇದು ನಲವತ್ತರ ಹತ್ತಿರ ಕೊಡುತ್ತಿರುವುದರಿಂದ ಒಂದು ಟ್ಯಾಂಕಿನಲ್ಲಿ ಹೋಗುವ ದೂರ ಕಡಿಮೆಯಾಗಿಲ್ಲ.

ಕಳೆದುಕೊಂಡದ್ದನ್ನೂ ಬರೆದಿಡಬೇಕು. ಹೆದ್ದಾರಿಯಲ್ಲಿ ಎಂಬತ್ತರ ಆಸುಪಾಸಿನಲ್ಲಿ ಹೋಗುವಾಗ ನನ್ನ ಎಡಗಾಲು ಈಗಲೂ ಇಲ್ಲದ ಆರನೇ ಗೇರನ್ನು ಹುಡುಕುತ್ತದೆ; ಇದಕ್ಕಿರುವುದು ಐದೇ. ಕುಣಿಗಲ್ ದಾಟಿದ ಮೇಲೆ ಒಂದು ಟ್ಯಾಂಕರನ್ನು ಹಿಂದೆ ಹಾಕಲು ಮೊದಲಾದರೆ ಮಣಿಕಟ್ಟು ತಿರುಗಿಸಿದರೆ ಸಾಕಿತ್ತು. ನಿನ್ನೆ ಗೇರು ಇಳಿಸಿ, ಎದುರಿನ ರಸ್ತೆ ಅಳೆದು, ಎರಡು ಸಲ ಹಿಂದೆ ಸರಿದು, ಮೂರನೆಯ ಸಲಕ್ಕೆ ದಾಟಿದೆ. ಹಳೆಯದರ ಟ್ಯೂಬ್‌ಲೆಸ್ ಟಯರಿಗೆ ದಾರಿಯಲ್ಲೇ ತೂತಿಗೆ ರಬ್ಬರ್ ಬತ್ತಿ ತುರುಕಿ ಗಾಳಿ ತುಂಬಿಸಿದರೆ ಮುಗಿಯುತ್ತಿತ್ತು. ಇಲ್ಲಿ ಟ್ಯೂಬು. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರ ಬಳಿ ಎರಡು ಭಾನುವಾರ ಕುಳಿತು ಲಿವರ್ ಹಾಕಿ ಟಯರ್ ಬಿಚ್ಚುವುದನ್ನು ಕಲಿತೆ. ಮುಂದಿನ 21 ಇಂಚಿನ ಟ್ಯೂಬನ್ನು ಆಪತ್ಕಾಲಕ್ಕೆ ಹಿಂದಿನ 18 ಇಂಚಿನ ಟಯರಿನಲ್ಲೂ ಮಡಚಿಕೊಳ್ಳದಂತೆ ಕೂರಿಸಬಹುದಾದ್ದರಿಂದ ಅದೊಂದನ್ನೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಬೆನ್ನಿಗೆ ಹಿಂದಿನ ಸಾಮಾನು ಡಬ್ಬಿಯ ಆನಿಕೆ ಇರುತ್ತಿದ್ದ ಹಳೆಯ ಅಗಲ ಸೀಟನ್ನು ಬಲ್ಲ ನನ್ನ ಹೆಂಡತಿಯಂತೂ ಒಂದೇ ವಾಕ್ಯದಲ್ಲಿ ತೀರ್ಮಾನ ಕೊಟ್ಟಳು: "ನೀವು ಹೋಗಿ ಬನ್ನಿ ರೀ, ನಾನು ಬಸ್ಸಿಗೆ ಬರ್ತೀನಿ." ಈ ನಷ್ಟಕ್ಕೆ ನನ್ನ ಬಳಿ ಉತ್ತರವಿಲ್ಲ.

ಇಂದು ಬೆಳಿಗ್ಗೆ ಪಟ್ಟಿಯಲ್ಲಿ ಮೊದಲನೆಯದಾದ, ಹೇಮಾವತಿ ಹುಟ್ಟುವ ಜಾವಳಿಯ ಬಳಿಯ ಆ ಕವಲಿಗೆ ಹೋದೆ. ಎರಡು ಕಿಲೋಮೀಟರ್ ಕಲ್ಲುದಾರಿ, ಎರಡೂ ಬದಿಗೆ ಹಣ್ಣಾಗುತ್ತಿರುವ ಅರೇಬಿಕಾ, ಒಂದು ಸಣ್ಣ ಹಳ್ಳ, ಆಮೇಲೆ ಕಡಿದಾದ ಇಳಿಜಾರು, ಇಳಿಜಾರಿನ ಕೊನೆಗೆ ಬೀಗ ಹಾಕಿದ ಕಬ್ಬಿಣದ ಗೇಟು. ನಾನು ಆರು ವರ್ಷ ಹೆದರಿದ್ದು ಇದಕ್ಕೇ: ಮುಂದೆ ಗೇಟು, ಬಲಕ್ಕೆ ಚರಂಡಿ, ಎಡಕ್ಕೆ ಕಡಿದಾದ ಮಣ್ಣಿನ ಬರೆ, ಹಿಂದೆ ಏರು. ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೊಂದನ್ನು ಇಟ್ಟು, ಎಡಗಡೆ ನಿಂತು, ಹ್ಯಾಂಡಲನ್ನೂ ಹಿಂದಿನ ಹಿಡಿಯನ್ನೂ ನನ್ನತ್ತ ಎಳೆದುಕೊಂಡೆ. ಎರಡೂ ಚಕ್ರ ನೆಲ ಬಿಟ್ಟು ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಬಂದಾಗ ಗಾಣದ ಹಾಗೆ ತುಸು ತಿರುಗಿಸಿ, ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ತಿರುಗಿಸಿದೆ. ಸ್ಟ್ಯಾಂಡಿಗೆ ಒಳ್ಳೆಯದಲ್ಲದ ಈ ಕೆಲಸ ನಾಲ್ಕು ಕಂತಿನಲ್ಲಿ ಮುಗಿಯಿತು. ಗೇಟಿನೊಳಗಿನ ನಾಯಿ ಅಷ್ಟು ಹೊತ್ತೂ ಬೊಗಳುತ್ತಿತ್ತು. ದಾರಿಯ ಕೊನೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸಂಜೆ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಭಾವ ಬಂದು, "ಕೀ ಕೊಡು, ಲೈನ್ ತನಕ ಹೋಗಿ ಕೂಲಿ ಲೆಕ್ಕ ನೋಡ್ಕೊಂಡ್ ಬರ್ತೀನಿ" ಎಂದು ತೆಗೆದುಕೊಂಡು ಹೋದರು. ಹಳೆಯ ಬೈಕನ್ನು ಆರು ವರ್ಷದಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ. ಲೈನ್, ಎಂದರೆ ಕೂಲಿಯವರ ಮನೆಸಾಲು, ಇರುವುದು ಅರ್ಧ ಕಿಲೋಮೀಟರ್ ದೂರದಲ್ಲಿ; ಅವರು ಹೋಗಿ ಮುಕ್ಕಾಲು ಗಂಟೆಯಾಯಿತು. ಅಕ್ಕ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋಗಿದ್ದಾಳೆ.