ಇಬ್ಬರು ಸ್ತೆಫಾನ್ ಹೂಲಾ, ಎರಡು ಕಂಚು

ದಕ್ಷಿಣ ಪೋಲೆಂಡಿನ ಬೆಟ್ಟಸಾಲಿನಲ್ಲಿರುವ ಶ್ಚಿರ್ಕ್ ಎಂಬ ಸಣ್ಣ ಊರಿನ ಹೂಲಾ ಮನೆತನದಲ್ಲಿ ತಂದೆಯ ಹೆಸರೂ ಸ್ತೆಫಾನ್, ಮಗನ ಹೆಸರೂ ಸ್ತೆಫಾನ್. ತಂದೆ ನಾರ್ಡಿಕ್ ಕಂಬೈನ್ಡ್ ಆಟಗಾರರು; ಅಂದರೆ ಮೊದಲು ಸ್ಕೀ ಜಂಪಿಂಗ್‌ನಲ್ಲಿ, ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಇಳಿಜಾರಿನ ತುದಿಯಿಂದ ಹಾರಿ, ಆಮೇಲೆ ಹಿಮದ ಮೇಲೆ ಸ್ಕೀಯಲ್ಲೇ, ಆ ಕಾಲದಲ್ಲಿ ಹದಿನೈದು ಕಿಲೋಮೀಟರ್, ಓಟ ಮುಗಿಸಬೇಕಾಗಿದ್ದ ಸ್ಪರ್ಧೆಯವರು. 1974ರಲ್ಲಿ ಸ್ವೀಡನ್ನಿನ ಫಾಲುನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಕಂಚು ಗೆದ್ದರು. 1986ರಲ್ಲಿ ಹುಟ್ಟಿದ ಮಗ ಓಟದ ಗೊಡವೆಗೆ ಹೋಗದೆ ಹಾರುವುದನ್ನಷ್ಟೇ ಆರಿಸಿಕೊಂಡರು.

ಅಪ್ಪನಿಂದ ಮಗನಿಗೆ ವಿದ್ಯೆ ಬಂತೆಂದು ಬರೆದುಬಿಡುವುದು ಸುಲಭ, ಆದರೆ ಇಲ್ಲಿ ಆ ಮಾತು ಅರ್ಧ ಮಾತ್ರ ನಿಜ. ತಂದೆಯ ಕಾಲದಲ್ಲಿ ಗಾಳಿಯಲ್ಲಿ ಎರಡೂ ಸ್ಕೀಗಳನ್ನು ಸಮಾನಾಂತರವಾಗಿ ಜೋಡಿಸಿ ಹಿಡಿಯುವುದೇ ಸರಿಯಾದ ಕ್ರಮವೆನಿಸಿತ್ತು. ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ಯಾನ್ ಬೊಕ್ಲೊವ್ ಸ್ಕೀಗಳ ತುದಿಗಳನ್ನು ‘ವಿ’ ಆಕಾರದಲ್ಲಿ ಅಗಲಿಸಿ ಹಾರಿದಾಗ ತೀರ್ಪುಗಾರರು ಶೈಲಿಯ ಅಂಕಗಳನ್ನು ಕತ್ತರಿಸಿದರು. ಆದರೂ ಮೈ ಕೆಳಗಿನ ಗಾಳಿ ಹೆಚ್ಚು ಎತ್ತಿಹಿಡಿಯುತ್ತಿದ್ದುದರಿಂದ ಅವರು ದೂರದಲ್ಲಿ ಎಲ್ಲರನ್ನೂ ಮೀರಿಸಿ 1988–89ರ ವಿಶ್ವಕಪ್ಪನ್ನೇ ಗೆದ್ದರು. ಮಗ ಸ್ಕೀ ಕಟ್ಟಿ ಹಾರಲು ಕಲಿಯುವ ಹೊತ್ತಿಗೆ ಅಪ್ಪನ ಹಾರಾಟದ ಭಂಗಿ ಹಳೆಯದಾಗಿ ಹೋಗಿತ್ತು.

ಮಗ ಬಹುಕಾಲ ತಂಡದ ಎರಡನೆಯ ಸಾಲಿನಲ್ಲೇ ಇದ್ದವರು. 2006 ಮತ್ತು 2010ರ ಒಲಿಂಪಿಕ್ಸ್‌ನಲ್ಲಿ ಆಡಿದರು, 2014ರ ತಂಡದಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ 2018ರ ಫೆಬ್ರವರಿ 10ರ ರಾತ್ರಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ನಾರ್ಮಲ್ ಹಿಲ್‌ನಲ್ಲಿ, ಅಂದರೆ ಎರಡು ಹಾರುಬೆಟ್ಟಗಳ ಪೈಕಿ ಚಿಕ್ಕದರಲ್ಲಿ, ಮೊದಲ ಸುತ್ತು ಮುಗಿದಾಗ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿ ಅವರ ಹೆಸರಿದ್ದುದು ಯಾರೂ ನಿರೀಕ್ಷಿಸದ ಸಂಗತಿ. ಹಾರಿದ್ದು 111 ಮೀಟರ್. ಎರಡನೆಯ ಸ್ಥಾನದಲ್ಲಿ ಅವರದೇ ತಂಡದ ಕಾಮಿಲ್ ಸ್ತೋಖ್. ಕೊರೆಯುವ ಚಳಿ, ಹೊತ್ತಿಗೊಂದು ದಿಕ್ಕಿನಿಂದ ಬೀಸುವ ಗಾಳಿ. ಸ್ಪರ್ಧೆ ನಿಂತು ನಿಂತು ಮಧ್ಯರಾತ್ರಿ ದಾಟಿತು. ಸ್ವಿಟ್ಜರ್ಲೆಂಡಿನ ಸೀಮೊನ್ ಅಮ್ಮನ್ ಹಾರುವ ಮೊದಲು ಕೂರುವ ಅಡ್ಡಪಟ್ಟಿಯಿಂದ ಮತ್ತೆ ಮತ್ತೆ ಇಳಿದು, ಕಂಬಳಿ ಹೊದ್ದು ಕಾಯಬೇಕಾಯಿತು. ಮುಂಚೂಣಿಯಲ್ಲಿದ್ದವರು ಕೊನೆಗೆ ಹಾರುವುದು ನಿಯಮವಾದ್ದರಿಂದ ಹೂಲಾ ಅಷ್ಟೂ ಹೊತ್ತು ಮೇಲೆಯೇ ಕಾದರು.

ಎರಡನೆಯ ಸುತ್ತಿನಲ್ಲಿ ಅವರು 105.5 ಮೀಟರ್ ಹಾರಿ ಐದನೆಯ ಸ್ಥಾನಕ್ಕೆ ಇಳಿದರು. ಜರ್ಮನಿಯ ವೆಲ್ಲಿಂಗರ್‌ಗೆ ಚಿನ್ನ. ಮೊದಲ ಸುತ್ತಿನಲ್ಲಿ ಹತ್ತನೆಯವರಾಗಿದ್ದ ನಾರ್ವೆಯ ಯೋಹಾನ್ಸನ್‌ಗೆ 249.7 ಅಂಕಗಳೊಂದಿಗೆ ಕಂಚು. ಹೂಲಾ ಗಳಿಸಿದ್ದು 248.8. ಆ ಬೆಟ್ಟದಲ್ಲಿ ಒಂದು ಮೀಟರಿಗೆ 2 ಅಂಕ, ದೂರವನ್ನು ಅಳೆಯುವುದು ಅರ್ಧ ಮೀಟರಿನ ಲೆಕ್ಕದಲ್ಲಿ. ಇನ್ನರ್ಧ ಮೀಟರ್ ಮುಂದೆ ಇಳಿದಿದ್ದರೆ ಕಂಚು ಅವರದಾಗುತ್ತಿತ್ತು. ಗಾಳಿಯನ್ನು ದೂರುವವರು ಆ ರಾತ್ರಿ ಬಹಳ ಮಂದಿ ಇದ್ದರು, ಅದು ಅನ್ಯಾಯವೂ ಅಲ್ಲ. ಆದರೆ ಗಾಳಿಗೆ ತಕ್ಕಂತೆ ಅಂಕ ಕೂಡಿಸುವ, ಕಳೆಯುವ ಪದ್ಧತಿ ಇರುವಾಗ ಕೊನೆಯ ಲೆಕ್ಕವನ್ನು ಒಪ್ಪದೆ ಬೇರೆ ದಾರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಂಬತ್ತು ದಿನಗಳ ನಂತರ ತಂಡ ಸ್ಪರ್ಧೆಯಲ್ಲಿ ಸ್ತೋಖ್, ಕುಬಾಟ್ಸ್ಕಿ, ಕೋತ್ ಅವರೊಂದಿಗೆ ಹೂಲಾ ಹಾರಿದರು. ನಾರ್ವೆ, ಜರ್ಮನಿಯ ಹಿಂದೆ ಪೋಲೆಂಡ್ ಮೂರನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಸ್ಕೀ ಜಂಪಿಂಗ್‌ನಲ್ಲಿ ಆ ದೇಶಕ್ಕೆ ಅದೇ ಮೊದಲ ತಂಡ ಪದಕ. ಫಾಲುನ್‌ನ ಕಂಚು ಬಂದು ಆಗ 44 ವರ್ಷಗಳಾಗಿದ್ದವು.