ರೋಬೋಟ್ ಇಷ್ಟ, ಬ್ರಾಂಚ್ ಯಾವುದು?

ತಂಗಿಯ ಮಗನಿಗೆ ರೋಬೋಟಿಕ್ಸ್ ಹುಚ್ಚು. ಇಂಜಿನಿಯರಿಂಗ್‌ಗೆ ಮೆಕ್ಯಾನಿಕಲ್ಲೋ ಕಂಪ್ಯೂಟರ್ ಸೈನ್ಸೋ ಅಂತ ಒಂದೇ ಸಮ ಕೇಳುತ್ತಿದ್ದಾನೆ. ಕೀಲು, ಗೇರು ಇಷ್ಟವಾದರೆ ಮೆಕ್ಯಾನಿಕಲ್. ಕ್ಯಾಮೆರಾ ಕಂಡದ್ದನ್ನು ಗುರುತಿಸಿ ದಾರಿ ಹುಡುಕಿಸುವುದು ಇಷ್ಟವಾದರೆ ಕಂಪ್ಯೂಟರ್ ಸೈನ್ಸ್. ಸೆನ್ಸರ್, ಸರ್ಕ್ಯೂಟ್ ಬಿಚ್ಚುವ ಚಟವಿದ್ದರೆ ಎಲೆಕ್ಟ್ರಾನಿಕ್ಸ್ ಅಂತ ಹೇಳಬೇಕಾಗಿಯೇ ಇಲ್ಲ.

ನನಗೆ ಮಜಾ ಅನ್ನಿಸುವುದು ಕಂಟ್ರೋಲ್, ಅಂದರೆ ರೋಬೋಟಿನ ಚಲನೆಯನ್ನು ಹತೋಟಿಯಲ್ಲಿಡುವ ವಿದ್ಯೆ. ರೋಬೋಟಿನ ತೋಳು 30 ಡಿಗ್ರಿ ತಿರುಗಬೇಕು, ಎಷ್ಟು ತಿರುಗಿದೆ ಅಂತ ಅಳೆಯುವ ಎನ್‌ಕೋಡರ್ 28 ಅನ್ನುತ್ತಿದೆ ಅಂದುಕೊಳ್ಳಿ. ಮೋಟಾರಿಗೆ ಇನ್ನೆಷ್ಟು ಬಲ ಕೊಡಬೇಕು? ಜಾಸ್ತಿಯಾದರೆ ಗುರಿ ದಾಟಿ ತೂಗಾಡುತ್ತದೆ. ಕಡಿಮೆಯಾದರೆ ಅಲ್ಲೇ ನಿಂತುಬಿಡುತ್ತದೆ. ಮೆಕ್ಯಾನಿಕಲ್‌ನವರೂ ಎಲೆಕ್ಟ್ರಿಕಲ್‌ನವರೂ ಇದನ್ನು ಓದುತ್ತಾರೆ. ಹಾಗಾಗಿ ಬ್ರಾಂಚಿನ ಹೆಸರಿಗಿಂತ ಸಿಲಬಸ್ ನೋಡು ಅಂದೆ. ಲ್ಯಾಬಲ್ಲಿ ಮೋಟಾರ್ ಮುಟ್ಟೋಕೆ ಬಿಡ್ತಾರಾ ಅಂತಾನೂ ವಿಚಾರಿಸು ಅಂದೆ. ಮ್ಯಾಟ್ರಿಕ್ಸ್ ಲೆಕ್ಕ (ಅಂಕಿಗಳನ್ನು ಅಡ್ಡ-ಉದ್ದ ಸಾಲುಗಳಲ್ಲಿಟ್ಟು ಮಾಡುವ ಗಣಿತ) ಯಾವ ಬ್ರಾಂಚಿಗೆ ಹೋದರೂ ತಪ್ಪುವುದಿಲ್ಲ. ಅದನ್ನು ಇನ್ನೂ ಹೇಳಿಲ್ಲ.