ಪುಟ್ಟ ಮಕ್ಕಳ ಜೊತೆ ಚನ್ನಪಟ್ಟಣ: ಬಸ್ಸು ಬೇಡ, ರೈಲು ಹತ್ತಿ

"ಚನ್ನಪಟ್ಟಣ ಹೋಗುತ್ತೆ, ಹತ್ತಿ ಹತ್ತಿ" ಅಂದರು ಕಂಡಕ್ಟರ್. ಮರದ ಗೊಂಬೆಗಳ ಊರು ನೋಡೋಕೆ ಅಂತ ಹತ್ತಿದೆವು. ನನ್ನ ಸೊಂಟದ ಮೇಲೆ ಎರಡೂವರೆ ವರ್ಷದ ಮಗ, ಕೈ ಹಿಡಿದುಕೊಂಡು 6 ವರ್ಷದ ಮಗಳು, ನಮ್ಮ ಮನೆಯವರ ಹೆಗಲಿಗೆ ಎರಡು ಬ್ಯಾಗು. ಭಾನುವಾರ ಬೆಳಿಗ್ಗೆ, ಕೆಂಗೇರಿ ಹತ್ತಿರ ಸಿಕ್ಕಿದ ಒಂದು ಖಾಸಗಿ ಬಸ್ಸು ಅದು. ಮುಕ್ಕಾಲು ಗಂಟೆ ಆದ ಮೇಲೆ ರಾಮನಗರದ ಬಂಡೆ ಬೆಟ್ಟಗಳು ದೂರದಲ್ಲಿ ಕಂಡವು, ಆದರೆ ರಾಮನಗರ ಬರಲಿಲ್ಲ. ಚನ್ನಪಟ್ಟಣವೂ ಬರಲಿಲ್ಲ. ಕೇಳಿದರೆ "ಬೈಪಾಸ್‌ನಲ್ಲಿ ಹೋಗೋ ಗಾಡಿ ಇದು, ಮುಂದೆ ಇಳಿಸ್ತೀನಿ ಬಿಡಿ" ಅಂದರು. ಇಳಿಸಿದರು ಕೂಡ, ಊರು ಹಿಂದೆ ಬಿಟ್ಟು, ಮದ್ದೂರಿನ ಕಡೆ ಹಳೇ ರಸ್ತೆ ಬಂದು ಕೂಡುವ ಹತ್ತಿರ. ಒಂದು ಮರ ಇಲ್ಲ, ನೆರಳಿಲ್ಲ, ಪಕ್ಕದಲ್ಲೇ ನೂರರ ವೇಗದಲ್ಲಿ ಓಡುವ ಕಾರುಗಳು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳಬೇಕಾಗಿರೋದು ಇದನ್ನೇ. 2023ರಲ್ಲಿ ಶುರುವಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದರ ಒಳಗೂ ಹೋಗುವುದಿಲ್ಲ. ಎಲ್ಲದರ ಪಕ್ಕದಲ್ಲೇ ಹಾದು ಹೋಗುತ್ತದೆ. ಅದೇ ವರ್ಷ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದೂ ಇಲ್ಲ. ಹಾಗಾಗಿ ಅಲ್ಲಿ ಇಳಿದುಕೊಂಡರೆ ಆಟೋ ಹುಡುಕಿಕೊಂಡು ಸರ್ವಿಸ್ ರಸ್ತೆಗೆ ನಡೆಯಬೇಕು. ಆ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆದೆವು. ಆಟೋದವರು 300 ರೂಪಾಯಿ ಕೇಳಿದರು. ಮಗು ಅಳುತ್ತಿರುವಾಗ ಚೌಕಾಶಿ ಮಾಡೋಕೆ ಮನಸ್ಸು ಬರಲ್ಲ, ಕೊಟ್ಟೆವು. ಬಸ್ಸಿನಲ್ಲೇ ಹೋಗಬೇಕು ಅಂದರೆ "ಚನ್ನಪಟ್ಟಣ ಹೋಗುತ್ತಾ?" ಅಂತ ಕೇಳಬೇಡಿ. "ಊರೊಳಗೆ, ಬಸ್ ಸ್ಟ್ಯಾಂಡಿಗೆ ಹೋಗುತ್ತಾ?" ಅಂತ ಕೇಳಿ. ಕಾರಿನವರೂ ಅಷ್ಟೇ, ಹಳೇ ರಸ್ತೆ ಹಿಡಿಯಿರಿ.

ಆ ದಿನ ಆಗಿದ್ದು ಇಷ್ಟೇ ಅಲ್ಲ. ವಾಪಸ್ ಬರುವಾಗ ರಸ್ತೆ ಬದಿಯ ಒಂದು ದೊಡ್ಡ ಅಂಗಡಿಗೆ ನುಗ್ಗಿದೆವು. ಊರಿನ ಹೆಸರು ಹಾಕಿದ ದೊಡ್ಡ ಬೋರ್ಡು, ಒಳಗೆ ಎಸಿ. ಮಗನಿಗೆ ಒಂದು ಎಳೆಯುವ ಗಾಡಿ, 850 ರೂಪಾಯಿ. ಮನೆಗೆ ಬಂದು ಅರ್ಧ ಗಂಟೆ ಆಗಿರಲಿಲ್ಲ, ಅವನ ತುಟಿಯೆಲ್ಲ ಕೆಂಪು. ರಕ್ತ ಅಂದುಕೊಂಡು ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಚಕ್ರದ ಬಣ್ಣ. ಸಣ್ಣ ಮಕ್ಕಳು ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುತ್ತಾರೆ ಅಲ್ವಾ? ಚನ್ನಪಟ್ಟಣದ ಗೊಂಬೆ ಬೇಕು ಅಂತ ನಾನು ಹಟ ಹಿಡಿದಿದ್ದೇ ಆ ಕಾರಣಕ್ಕೆ. ಅರಗಿನ ಬಣ್ಣ, ಬಾಯಿಗೆ ಹಾಕಿದರೂ ಭಯ ಇಲ್ಲ ಅಂತ. ಆ ಗಾಡಿಯನ್ನು ಅವತ್ತೇ ಕಸಕ್ಕೆ ಹಾಕಿದೆ.

ಎರಡು ತಿಂಗಳಾದ ಮೇಲೆ ಮತ್ತೆ ಹೋದೆವು. ಈ ಸಲ ರೈಲಿನಲ್ಲಿ, ಶನಿವಾರ, ಒಂದೇ ಜಾಗಕ್ಕೆ. ನಿಜವಾದ ಪ್ರವಾಸ ಅಂದರೆ ಇದು.

ಹಿಂದಿನ ಸಂಜೆ ಮಕ್ಕಳ ಜೊತೆ ರಾಗಿ ಬಿಸ್ಕತ್ತು ಮಾಡಿದೆವು. ಇದನ್ನು ಬಿಡಬೇಡಿ. ಮಕ್ಕಳಿಗೆ ಪ್ರವಾಸ ಶುರುವಾಗೋದೇ ಇಲ್ಲಿಂದ. ನಮ್ಮ ಮನೆಯಲ್ಲಿ ಓವನ್ ಇಲ್ಲ, ದಪ್ಪ ತಳದ ಬಾಣಲೆ ಸಾಕು. ಅರ್ಧ ಕಪ್ ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಆರಿಸಿ. ಅದಕ್ಕೆ ಅರ್ಧ ಕಪ್ ಗೋಧಿ ಹಿಟ್ಟು, ಅರ್ಧ ಕಪ್ಪಿಗೆ ಸ್ವಲ್ಪ ಕಮ್ಮಿ ಬೆಲ್ಲದ ಪುಡಿ, ಏಲಕ್ಕಿ, ಚಿಟಿಕೆ ಅಡುಗೆ ಸೋಡಾ. ಆಮೇಲೆ ಗಟ್ಟಿ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಕಲಸೋದು, ಉಂಡೆ ಕಟ್ಟೋದು, ಹೆಬ್ಬೆರಳಲ್ಲಿ ಒತ್ತೋದು ಎಲ್ಲ ಮಕ್ಕಳ ಕೆಲಸ. ಬಾಣಲೆಗೆ ಒಂದು ಪದರ ಉಪ್ಪು ಹಾಕಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತುಗಳನ್ನು ದೂರ ದೂರ ಜೋಡಿಸಿ ಒಳಗಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ. ತೆಗೆದಾಗ ಮೆತ್ತಗಿರುತ್ತೆ, ಬೇಯಲಿಲ್ಲ ಅಂದುಕೊಂಡು ಮತ್ತೆ ಇಡಬೇಡಿ. ಆರಿದ ಮೇಲೆ ಗರಿಗರಿ ಆಗುತ್ತೆ. ಮಗ ಒತ್ತಿದ ಬಿಸ್ಕತ್ತುಗಳು ಒಂದೊಂದು ಒಂದೊಂದು ಆಕಾರ, ಅವನ್ನು ಬೇರೆ ಡಬ್ಬಿಯಲ್ಲಿ ಹಾಕಲೇಬೇಕಾಯಿತು.

ರೈಲಿಗೆ ಮೊದಲೇ ಬುಕ್ ಮಾಡಬೇಕಾಗಿಲ್ಲ, ಜನರಲ್ ಟಿಕೆಟ್ ತಗೊಂಡು ಮೆಮು ಅನ್ನೋ ಲೋಕಲ್ ರೈಲು ಹತ್ತಿದರಾಯಿತು. 5 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಮಗಳಿಗೆ ಅರ್ಧ ಟಿಕೆಟ್. ನಮ್ಮೆಲ್ಲರದೂ ಸೇರಿ ಒಂದು ಕಡೆಗೆ ನೂರು ರೂಪಾಯಿ ಕೂಡ ಆಗಲಿಲ್ಲ. ಆ ಬಸ್ಸಿಗೆ, ಆಟೋಗೆ ಸುರಿದಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಕೆಂಗೇರಿಯಲ್ಲಿ ಹತ್ತುವವರಿಗೆ ಕೆಲವೊಮ್ಮೆ ಸೀಟು ಸಿಗಲ್ಲ, ಆಗುವುದಾದರೆ ಮೆಜೆಸ್ಟಿಕ್‌ನಿಂದಲೇ ಹತ್ತಿ. ಹತ್ತುವ ಮುಂಚೆ ಮಕ್ಕಳಿಗೆ ಬಾತ್‌ರೂಮ್ ಮುಗಿಸಿಬಿಡಿ. ಬಿಡದಿ ದಾಟುತ್ತಿದ್ದ ಹಾಗೆ ಬಂಡೆ ಬೆಟ್ಟಗಳು ಶುರುವಾಗುತ್ತವೆ. ಯಾವ ಬೆಟ್ಟ ಯಾವುದರ ಥರ ಇದೆ ಅಂತ ಹೇಳುವ ಆಟ ಆಡಿದೆವು. ಒಂದು ಆನೆ, ಒಂದು ಮಗ್ಗುಲಾಗಿ ಮಲಗಿದ ಅಜ್ಜಿ, ಒಂದರ ಮೇಲೊಂದು ಇಟ್ಟ ಇಡ್ಲಿ. ಚನ್ನಪಟ್ಟಣ ಬಂದಿದ್ದೇ ಗೊತ್ತಾಗಲಿಲ್ಲ.

ಸ್ಟೇಷನ್ನಿನಿಂದ ಆಟೋದಲ್ಲಿ ಗೊಂಬೆ ಮಾಡುವವರ ಬೀದಿಗೆ ಹೋದೆವು. ಅಂಗಡಿಗೆ ಕರೆದುಕೊಂಡು ಹೋಗಿ ಅನ್ನಬೇಡಿ, "ಗೊಂಬೆ ಮಾಡುವ ಜಾಗ" ಅಂತಲೇ ಹೇಳಿ. ಮೊದಲ ಸಲ ಭಾನುವಾರ ಹೋಗಿದ್ದಾಗ ಅರ್ಧಕ್ಕರ್ಧ ಬಾಗಿಲು ಹಾಕಿತ್ತು, ಈ ಸಲ ಮೂರು ನಾಲ್ಕು ಕಡೆ ಯಂತ್ರ ಓಡುತ್ತಿತ್ತು. ಒಂದು ಚಿಕ್ಕ ಶೆಡ್ಡಿನಲ್ಲಿ ವಯಸ್ಸಾದವರೊಬ್ಬರು ಕೆಲಸ ಮಾಡುತ್ತಿದ್ದರು. "ಮಕ್ಕಳು ಒಂದು ಸಲ ನೋಡಬಹುದಾ ಯಜಮಾನ್ರೇ?" ಅಂತ ಕೇಳಿದೆ. "ನೋಡ್ಲಿ ಬುಡವ್ವ. ಸ್ವಲ್ಪ ದೂರ ನಿಲ್ಲಿಸ್ಕೊ, ಹೊಟ್ಟು ಕಣ್ಣಿಗೆ ಹಾರ್ತದೆ" ಅಂದರು.

ಬಿಳೀ ಬಣ್ಣದ ಹಗುರ ಮರ, ಆಲೆ ಮರ ಅನ್ನುತ್ತಾರೆ. ಅದರ ತುಂಡು ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿತ್ತು. ಉಳಿ ತಾಗಿಸಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತೆ. ಎರಡು ನಿಮಿಷದಲ್ಲಿ ಬುಗುರಿ ಆಕಾರ ಬಂತು. ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ಅದರ ಮೇಲೆ ಒತ್ತಿ ಹಿಡಿದರು. ತಿರುಗುವ ಮರಕ್ಕೆ ಉಜ್ಜಿ ಉಜ್ಜಿ ಆ ಬಿಸಿಗೇ ಅರಗು ಕರಗುತ್ತೆ, ಬಣ್ಣ ತಾನಾಗಿ ಹರಡುತ್ತೆ. ಬ್ರಶ್ಶೂ ಇಲ್ಲ, ಪೇಂಟೂ ಇಲ್ಲ. ಕೊನೆಗೆ ಒಣಗಿದ ತಾಳೆ ಗರಿಯ ಒಂದು ಚೂರನ್ನು ಮಡಚಿ ಒತ್ತಿದರು, ಮಬ್ಬಾಗಿದ್ದ ಹಳದಿ ಕನ್ನಡಿ ಥರ ಹೊಳೆಯಿತು. ಕಿತ್ತು ಮಗಳ ಅಂಗೈ ಮೇಲೆ ಇಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು "ಅಮ್ಮಾ, ನಿನ್ನೆಯ ಬಿಸ್ಕತ್ತಿನ ಥರ ಬೆಚ್ಚಗಿದೆ" ಅಂದಳು. ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಅವರಿಗೆ ಕೊಟ್ಟಳು. ಅವರು ಕೈ ಒರೆಸಿಕೊಂಡು ತಿಂದರು. ಬುಗುರಿಗೆ 30 ರೂಪಾಯಿ ಅಂದರು.

ಅಲ್ಲೇ ಗೊಂಬೆಗಳನ್ನು ಕೊಂಡೆವು. ಮಗನಿಗೆ ಉಂಗುರ ಪೇರಿಸುವ ಗೋಪುರ, ಮಗಳಿಗೆ ಪುಟಾಣಿ ಅಡುಗೆ ಪಾತ್ರೆಗಳು, ಒಂದು ಡಜನ್ ಬುಗುರಿ. ಎಲ್ಲ ಸೇರಿದರೂ ಆ 850ರ ಗಾಡಿಯಷ್ಟಾಗಲಿಲ್ಲ. ನಾನು ಈಗ ಯಾವ ಅಂಗಡಿಗೆ ಹೋದರೂ ಒದ್ದೆ ಮಾಡಿದ ಬಿಳಿ ಕರ್ಚೀಫಿನಲ್ಲಿ ಗೊಂಬೆಯನ್ನು ಗಟ್ಟಿಯಾಗಿ ಉಜ್ಜಿ ನೋಡುತ್ತೇನೆ. ಬಣ್ಣ ಹತ್ತಿದರೆ ವಾಪಸ್ ಇಡುತ್ತೇನೆ. ಮೂಸಿಯೂ ನೋಡಿ, ಪೇಂಟಿನ ವಾಸನೆ ಬಂದರೆ ಬೇಡ. ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿ ಪೋಣಿಸಿದ್ದು, ಸಣ್ಣ ಸಣ್ಣ ಚೂರು ಇರುವುದು ಯಾವುದೂ ಬೇಡ, ಎಷ್ಟೇ ಚಂದ ಇದ್ದರೂ. ಇನ್ನೊಂದು ಮಾತು, ಸುಮ್ನೆ ನಿಂತು ವಿಡಿಯೋ ಮಾಡಿಕೊಂಡು ಬರಬೇಡಿ. ಅವರು ಕೆಲಸ ನಿಲ್ಲಿಸಿ ನಮಗೆ ತೋರಿಸುತ್ತಾರೆ. ಒಂದು ಬುಗುರಿಯಾದರೂ ತಗೊಳ್ಳಿ. ಉಬ್ಬಸ ಇರುವ ಮಕ್ಕಳನ್ನು ಒಳಗೆ ಜಾಸ್ತಿ ಹೊತ್ತು ನಿಲ್ಲಿಸಬೇಡಿ, ಮರದ ಧೂಳು ತುಂಬಾ.

ಊಟದ ಬಗ್ಗೆ ಹೇಳದೇ ಹೋದರೆ ನನಗೆ ಸಮಾಧಾನ ಆಗಲ್ಲ. ಆಟೋದವರು ಹೇಳಿದ ಒಂದು ಮುದ್ದೆ ಹೋಟೆಲ್ಲು. ಹೋಟೆಲ್ ಅಂದರೆ ಒಂದು ಮನೆಯ ಮುಂದಿನ ಭಾಗ, ನಾಲ್ಕೇ ಟೇಬಲ್. ಅವತ್ತು ಅವರೆಕಾಳಿನ ಬಸ್ಸಾರು, ಪಲ್ಯ, ಮುದ್ದೆ, ಅನ್ನ, ಮಜ್ಜಿಗೆ. ಬಸ್ಸಾರಿನ ಮೇಲೆ ಒಗ್ಗರಣೆಯ ಬೆಳ್ಳುಳ್ಳಿ ತೇಲುತ್ತಿತ್ತು, ಖಾರ ನಾಲಿಗೆಗೆ ಹಿತವಾಗಿ ತಾಗುತ್ತಿತ್ತು. ಮುದ್ದೆಯಲ್ಲಿ ಒಂದು ಗಂಟಿಲ್ಲ. ಬಡಿಸುತ್ತಿದ್ದ ಅಮ್ಮ ನನ್ನ ಮಗನ ಮುಖ ನೋಡಿ "ಮಗೀಗೆ ಖಾರಾಯ್ತದೆ ತಾಳವ್ವ" ಅಂತ ಒಳಗೆ ಹೋದರು. ಬರುವಾಗ ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಐದು ಮುದ್ದೆ, ಪಕ್ಕದಲ್ಲಿ ತುಪ್ಪ, ತಿಳಿಯಾದ ಬೇಳೆ ಕಟ್ಟು. ಮನೆಯಲ್ಲಿ ಮುದ್ದೆ ಕಂಡರೆ ಮುಖ ತಿರುಗಿಸುವವನು ಐದನ್ನೂ ತಿಂದ. ಎಲ್ಲ ಸೇರಿ 220 ರೂಪಾಯಿ. ಮಗುವಿನ ತಟ್ಟೆಗೆ ದುಡ್ಡು ತಗೊಳ್ಳಲೇ ಇಲ್ಲ. ಒಂದೂವರೆ ಗಂಟೆ ಮೇಲೆ ಹೋದರೆ ಜಾಗ ಸಿಗಲ್ಲ, ಹನ್ನೆರಡೂವರೆಗೇ ಕೂತುಬಿಡಿ.

ಜಾನಪದ ಲೋಕವನ್ನೂ ಅದೇ ದಿನ ಸೇರಿಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಬೇಡ. ಮೊದಲ ಸಲ ನಾವು ಅದನ್ನೇ ಮಾಡಿದ್ದು. ಜಾನಪದ ತಜ್ಞ ಎಚ್.ಎಲ್. ನಾಗೇಗೌಡರು ಕಟ್ಟಿದ ಮ್ಯೂಸಿಯಂ ಅದು, ಹಳೇ ರಸ್ತೆಯಲ್ಲಿ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, 15 ಎಕರೆ. ತೊಗಲುಗೊಂಬೆ, ಯಕ್ಷಗಾನದ ವೇಷ, ಬೀಸುವ ಕಲ್ಲು, ಒನಕೆ, ನಮ್ಮ ಅಜ್ಜಿಯ ಮನೆಯಲ್ಲಿ ಇದ್ದವೇ ಎಲ್ಲ. ನನಗೆ ನೋಡಿದಷ್ಟೂ ಸಾಲದು. ಆದರೆ ಮಧ್ಯಾಹ್ನ ಮೂರು ಗಂಟೆಗೆ ಮಗ ನನ್ನ ಭುಜದ ಮೇಲೆ ನಿದ್ದೆ, ಮಗಳಿಗೆ ಕಾಲು ನೋವು. ಅರ್ಧ ಗಂಟೆಗೆ ಹೊರಗೆ ಬಂದೆವು. ಅದಕ್ಕೆ ಅಂತಲೇ ಇನ್ನೊಂದು ದಿನ ಇಡಿ, ಬೆಳಿಗ್ಗೆ ಹೋಗಿ.

ಮಧ್ಯಾಹ್ನದ ರೈಲಿನಲ್ಲಿ ವಾಪಸ್ ಹೊರಟೆವು. ಮೈಸೂರಿನಿಂದ ಬರುವ ಗಾಡಿ ಅದು, ಮದ್ದೂರಿನಲ್ಲಿ ಹತ್ತಿದ ವಡೆಯವರು ಇನ್ನೂ ಬೋಗಿಯಲ್ಲೇ ಇದ್ದರು. ಈರುಳ್ಳಿ ಘಮ ಮೂಗಿಗೆ ಬಡಿದ ಮೇಲೆ ತಗೊಳ್ಳದೇ ಇರೋಕಾಗುತ್ತಾ? ಬಿಸ್ಕತ್ತಿನ ಡಬ್ಬಿ ಖಾಲಿಯಾಗಿತ್ತು. ಮಗಳು ಅದರ ಮುಚ್ಚಳವನ್ನು ತಲೆಕೆಳಗು ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಬುಗುರಿ ತಿರುಗಿಸಿದಳು. ಎದುರು ಸೀಟಿನ ಹುಡುಗನಿಗೂ ಒಂದು ಕೊಟ್ಟಳು. ಯಾರದು ಹೆಚ್ಚು ಹೊತ್ತು ನಿಲ್ಲುತ್ತೆ ಅಂತ ಕೆಂಗೇರಿವರೆಗೂ ಅದೇ ಪಂದ್ಯ. ಸ್ಟೀಲ್ ಡಬ್ಬಿ ತಗೊಂಡು ಹೋಗುವಾಗ ಅಂಚು ಎತ್ತರ ಇರುವ ಮುಚ್ಚಳದ್ದೇ ನೋಡಿ ತಗೊಳ್ಳಿ, ರೈಲು ಅಲುಗಿದರೂ ಬುಗುರಿ ಕೆಳಗೆ ಬೀಳಲ್ಲ.